ವಿಭೂತಿಯ ದೀಪ, ಹುಣಸೆಹುಳಿಯ ದೀಪ

ನನಗೆ ಮನುಷ್ಯರ ಮೇಲೆ ಸಿಟ್ಟು ಬರುವುದು ಬಹಳ ಕಡಿಮೆ. ಇದು ನನ್ನ ಒಳ್ಳೆಯತನವೇನೂ ಅಲ್ಲ. ಮನುಷ್ಯರು ತಿರುಗಿ ಬೈಯುತ್ತಾರೆ, ಅಷ್ಟೇ. ಕೋರ್ಟಿನಲ್ಲಿ ಎದುರು ಕಡೆಯ ವಕೀಲರು ನನ್ನ ಸಾಕ್ಷಿಯ ಬಾಯಿಂದಲೇ ನನ್ನ ಕೇಸನ್ನು ಕೊಲ್ಲಿಸಿದರೂ ಹಲ್ಲು ಕಿರಿದುಕೊಂಡು ಕೂರುವ ನಾನು, ಮನೆಗೆ ಬಂದ ಮೇಲೆ ಹತ್ತದ ಸ್ಟವ್ವಿಗೆ, ಎಳೆದರೂ ಬಾರದ ಮೇಜಿನ ಖಾನೆಗೆ, ಉಂಗುಟ ಕಿತ್ತ ಚಪ್ಪಲಿಗೆ ಸಿಂಹವಾಗುತ್ತೇನೆ. ನಮ್ಮ ಗೋಡೆ ಗಡಿಯಾರ ನನ್ನಿಂದ ತಿಂದಷ್ಟು ಬೈಗಳನ್ನು ಯಾವ ಗುಮಾಸ್ತನೂ ತಿಂದಿರಲಾರ. ಸಿಟ್ಟಿನ ಜೊತೆಗೆ ಚಿಂತೆಯೂ ಉಂಟು. ಮಳೆ ಬಂದರೆ ಗೋಡೆ ಬೀಳುತ್ತದೆಂದೂ ಬಾರದಿದ್ದರೆ ಬಾವಿ ಬತ್ತುತ್ತದೆಂದೂ ಒಟ್ಟೊಟ್ಟಿಗೇ ಚಿಂತಿಸಬಲ್ಲೆ. ಮಲಗಿದ ಮೇಲೆ, ಚಿಲಕ ಹಾಕಿದೆನೇ ಎಂದು ಎದ್ದು ಹೋಗಿ ನೋಡುತ್ತೇನೆ. ಬಂದು ಮಲಗಿದ ಮೇಲೆ, ಸರಿಯಾಗಿ ನೋಡಿದೆನೇ ಎಂದು ಮತ್ತೆ ಏಳುತ್ತೇನೆ. ಇಂಥವನು ಕಾರು ಕೊಳ್ಳಬಾರದಿತ್ತು.

ಕೊಂಡೆ. ಎಂಬತ್ತರ ಆಚೀಚೆಯ ಮಾತು. ಚನ್ನಗಿರಿಯಲ್ಲಿ ನನ್ನ ವಕೀಲಿ ಒಂದು ಹದಕ್ಕೆ ಬಂದಿತ್ತು, ಬಸ್ಸಿನಲ್ಲಿ ನಿಂತು ಹೊನ್ನಾಳಿ ಕೋರ್ಟಿಗೆ ಹೋಗುವುದು ಗೌರವಕ್ಕೆ ಕಡಿಮೆ ಎಂದು ಯಾರೋ ನನ್ನ ತಲೆ ಕೆಡಿಸಿದ್ದರು. ಜಗಳೂರಿನ ದಲ್ಲಾಳಿಯೊಬ್ಬ ಹಳೆಯ ಅಂಬಾಸಿಡರ್ ತೋರಿಸಿದ. ತೋರಿಸಿದ್ದು ಎಂಥ ಹೊತ್ತಿನಲ್ಲಿ ಎಂದರೆ, ನೆತ್ತಿಯ ಮೇಲೆ ಸೂರ್ಯ ಕೂತು ನೆರಳು ಕಾಲ ಕೆಳಗೆ ಅವಿತುಕೊಂಡ ಹೊತ್ತಿನಲ್ಲಿ. ನಾನು ಬಾನೆಟ್ಟು ಎತ್ತಿಸಿದೆ, ಸೀಟು ಒತ್ತಿದೆ, ಟಯರಿಗೆ ಒದ್ದೆ, ಏನೋ ತಿಳಿದವನ ಹಾಗೆ ಗಂಟಲು ಸರಿ ಮಾಡಿಕೊಂಡೆ. ದೀಪ ಹಾಕಿ ನೋಡುವುದು ಮಾತ್ರ ಹೊಳೆಯಲಿಲ್ಲ. ಜಗಳೂರಿನ ಆ ಬಿಸಿಲಿನಲ್ಲಿ ದೀಪ ಹಾಕು ಎಂದಿದ್ದರೆ ಅವನು ನನ್ನನ್ನು ನೆರಳಿಗೆ ಕರೆದುಕೊಂಡು ಹೋಗಿ ನೀರು ಕುಡಿಸುತ್ತಿದ್ದ. ಊರು ಇನ್ನೂ ದೂರ ಇರುವಾಗಲೇ ಕತ್ತಲಾಯಿತು. ದೀಪದ ಗುಂಡಿ ಎಳೆದೆ. ಬಾನೆಟ್ಟಿನ ಮುಂದೆ ಹಾರುತ್ತಿದ್ದ ಸೊಳ್ಳೆಗಳು ಕಂಡವು. ಅದರಾಚೆ ಏನೂ ಕಾಣಲಿಲ್ಲ. ದಲ್ಲಾಳಿಯ ವಂಶವನ್ನೆಲ್ಲ ನೆನೆದುಕೊಂಡು ಮನೆ ಸೇರಿದೆ.

ಆಮೇಲೆ ಆ ದೀಪಗಳು ನನ್ನ ಮಾನ ಕಳೆದದ್ದು ಹೇಳಿ ಮುಗಿಯುವುದಿಲ್ಲ. ಒಂದು ಸಂಜೆ ಸಂತೇಬೆನ್ನೂರಿನಿಂದ ಬರುತ್ತಿದ್ದೆ. ಎದುರಿಗೆ ಸೈಕಲ್ಲಿನಲ್ಲಿ ಬಂದವನೊಬ್ಬ ನನ್ನ ಬಂಪರಿಗೆ ಒಂದು ಗೇಣು ಉಳಿದಾಗ ಬ್ರೇಕು ಹಿಡಿದು, ಇಳಿದು, ನನ್ನ ಕಾರಿನ ಮುಖವನ್ನೇ ಬಗ್ಗಿ ನೋಡಿದ.

"ಏನ್ರೀ ಸ್ವಾಮಿ, ಯಾರೋ ಇಬ್ರು ಬೀಡಿ ಸೇದ್ಕಂತ ಬರ್ತಾ ಅದಾರೆ, ಮಧ್ಯದಾಗೆ ತೂರಿ ಹೋಗಾನ ಅಂತ ಬಂದ್ನಲ್ರೀ!"

ಇದಕ್ಕೆ ಯಾವ ಕಾನೂನಿನಲ್ಲಿ ಉತ್ತರವಿದೆ? ಕಿಟಕಿಯ ಗಾಜು ಏರಿಸಿಕೊಂಡು ಮುಂದೆ ಬಂದೆ. ಮನೆಗೆ ಬಂದು ಕಾರಿನ ಮುಂದೆ ನಿಂತು, ಆ ಎರಡು ದೀಪಗಳನ್ನೂ ಒಂದೊಂದಾಗಿ, ಸಾವಕಾಶವಾಗಿ ಬೈದೆ.

ಬೈದರೆ ಮುಗಿಯುತ್ತಿತ್ತು. ಆದರೆ ದೀಪದ ವಿಷಯದಲ್ಲಿ ನನ್ನ ಹೆಂಡತಿ ಗಿರಿಜೆಗೆ ಬೇರೆಯೇ ಒಂದು ದೂರಿತ್ತು. ಅವಳ ತಂಗಿ ಶೈಲಜೆಯ ಮನೆ ನ್ಯಾಮತಿಯಲ್ಲಿ. ತವರಿನ ಕಡೆಯ ಮಿಕ್ಕ ನೆಂಟರೂ ಅಲ್ಲೇ ಸುತ್ತಮುತ್ತ. ಅವರ ಶುಭಕಾರ್ಯಗಳೆಲ್ಲ ದೀಪ ಹಚ್ಚಿದ ಮೇಲೆಯೇ ಶುರುವಾಗುತ್ತವೆ. ಹೋಗಿ ಅಂದೇ ಹಿಂದಿರುಗಬೇಕು, ಏಕೆಂದರೆ ನಮ್ಮ ಅವ್ವನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲ. ಕರೆದುಕೊಂಡು ಹೋದರೆ, ಬೀಗರ ಮನೆಯಲ್ಲಿ ರಾತ್ರಿ ತಂಗುವುದು ಮರ್ಯಾದೆಯಲ್ಲ ಎನ್ನುವ ಕಾಲದವಳು ಅವಳು. ಹಾಗಾಗಿ ಪ್ರತಿ ಸಲವೂ ಕರೆ ಬಂದಾಗ ನಾನು, "ದೀಪ ಮಂಕು ಕಣೇ, ಕತ್ತಲೆಯಲ್ಲಿ ಹೆಂಗೆ ಬರೋದು?" ಎನ್ನುತ್ತಿದ್ದೆ. ಅವಳು ಮರುದಿನ ಬೆಳಗಿನ ಬಸ್ಸಿನಲ್ಲಿ ಹೋಗಿ, ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು ನೋಡಿಕೊಂಡು, ಉಳಿದ ಬೂಂದಿ ಕಟ್ಟಿಸಿಕೊಂಡು ಬರುತ್ತಿದ್ದಳು.

ಈ ಸಲ ಹಾಗಾಗುವಂತಿರಲಿಲ್ಲ. ಬಹಳ ವರ್ಷ ಹರಕೆ ಹೊತ್ತ ಮೇಲೆ ಶೈಲಜೆಗೆ ಮಗುವಾಗಿತ್ತು. ಭಾನುವಾರ ಸಂಜೆ ತೊಟ್ಟಿಲ ಕಾರ್ಯ. ನ್ಯಾಮತಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದಳು, ಅವನು ನಮ್ಮ ಬಾಗಿಲಿಗೇ ಬಂದು, ಬಾಯಿಪಾಠ ಒಪ್ಪಿಸುವವನಂತೆ ಹೇಳಿದ: "ಅಕ್ಕ ಬಂದು ಹಾಡು ಹೇಳಿ ಕೂಸನ್ನ ತೊಟ್ಟಿಲಿಗೆ ಹಾಕೋತನಕ ಯಾರೂ ಕೂಸು ಮುಟ್ಟಂಗಿಲ್ಲಂತ್ರೀ. ಅಕ್ಕ ಬರ್ದೇ ಇದ್ರೆ ಕೂಸು ನೆಲದ ಮೇಲೇ ಮಲಗ್ತೈತಂತೆ."

ಕಂಡಕ್ಟರ್ ಹೋದ ಮೇಲೆ ಗಿರಿಜೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ನಿಮ್ ಕಾರಿನ ದೀಪ ಮಂಕಾಗಿ ನನ್ನ ತವರಿನ ದಾರಿನೇ ಕತ್ತಲಾತು. ಭಾನುವಾರದೊಳಗೆ ಅದೇನ್ ಮಾಡ್ತೀರೋ ಮಾಡ್ರಿ. ಇಲ್ಲಾಂದ್ರೆ ಆ ಕಾರಿನಾಗೆ ಕೋಳಿ ಸಾಕ್ರಿ."

ನಾನು ನೇರ ಬಸ್ ಸ್ಟ್ಯಾಂಡಿನ ಪಕ್ಕದ ಗೌಸುವಿನ ಗ್ಯಾರೇಜಿಗೆ ಹೋದೆ. ಗೌಸುವಿನ ವಿಷಯ ಎತ್ತಿದರೆ ನನಗೆ ಈಗಲೂ ರಕ್ತ ಬಿಸಿಯಾಗುತ್ತದೆ. ಇದೇ ದೀಪಕ್ಕೆಂದು ಮೊದಲ ಸಲ ಹೋದಾಗ "ಬ್ಯಾಟ್ರಿ ವೀಕು ಸಾರ್" ಎಂದ. ಬ್ಯಾಟರಿ ಬದಲಾಯಿತು. ಆಮೇಲೆ "ಡೈನಮೋ ಸರಿಯಾಗಿ ಮೇಯಿಸ್ತಾ ಇಲ್ಲ" ಎಂದ, ಏನೋ ಎಮ್ಮೆಯ ವಿಷಯ ಹೇಳುವ ಹಾಗೆ. ಡೈನಮೋ ಬಿಚ್ಚಿ ಕಟ್ಟಿದ್ದಾಯಿತು. ಆಮೇಲೆ ಬಲ್ಬು, ಆಮೇಲೆ ವೈರು. ಈಗ, ಭಾನುವಾರ ಕಾಲಬುಡಕ್ಕೆ ಬಂದಿರುವಾಗ, ಸ್ಕ್ರೂ ಡ್ರೈವರಿನಿಂದ ತಲೆ ಕೆರೆದುಕೊಂಡು ಹೇಳುತ್ತಾನೆ:

"ಅದೆಲ್ಲ ಅಲ್ಲ ಸಾರ್. ಗಾಜಿನ ಹಿಂದೆ ರಿಫ್ಲೆಕ್ಟರು ಐತಲ್ಲ, ಬೋಗುಣಿ ಥರದ್ದು, ಅದಕ್ಕೆ ಬೆಳ್ಳಿ ನೀರು ಕುಡಿಸಿರ್ತಾರೆ. ಅದು ಕರ್‍ರಗಾಗೈತೆ. ದಾವಣಗೆರೆಗೆ ಕಳಿಸ್ಬೇಕು. ವಾಪಸ್ ಬರಾಕೆ ಎರಡ್ಮೂರು ವಾರ."

"ಅಲ್ಲಯ್ಯಾ, ಇದನ್ನ ಮೊದಲೇ ಹೇಳಬಾರದಾಗಿತ್ತಾ?"

"ಮೊದ್ಲೇ ಹೇಳಿದ್ರೆ ನೀವು ನಂಬ್ತಿದ್ರಾ ಸಾರ್?"

ಇಂಥ ಪ್ರಶ್ನೆ ಕೇಳುವವನು ವಕೀಲನಾಗಿ, ನಾನು ಗ್ಯಾರೇಜು ಇಟ್ಟಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು. ಸಿಟ್ಟಿನಲ್ಲಿ ಅವನ ಸ್ಕ್ರೂ ಡ್ರೈವರನ್ನೇ ಕಿತ್ತುಕೊಂಡು ಮನೆಗೆ ಬಂದೆ. ಬೋಗುಣಿ ಕಪ್ಪಾಗಿದ್ದರೆ ಬೆಳಗಬೇಕು, ಅಷ್ಟೇ ತಾನೆ? ಅದಕ್ಕೆ ದಾವಣಗೆರೆ ಯಾಕೆ?

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾರಿನ ಮುಂದೆ ಚಾಪೆ ಹಾಸಿಕೊಂಡು ಕೂತೆ. ದೀಪದ ಗಾಜಿನ ಸುತ್ತಲಿನ ಹೊಳೆಯುವ ಬಳೆಯ ಸ್ಕ್ರೂ ತುಕ್ಕು ಹಿಡಿದಿತ್ತು. ಅದನ್ನು ಬೈದು, ಸೀಮೆಎಣ್ಣೆ ಕುಡಿಸಿ, ಮತ್ತೆ ಬೈದು, ಬೆರಳು ತರಚಿಕೊಂಡು ಬಿಚ್ಚಿದೆ. ಬಳೆ ಬಂತು, ಗಾಜು ಬಂತು, ಹಿಂದಿನಿಂದ ಬಲ್ಬು ತೆಗೆದರೆ ಬೋಗುಣಿಯೂ ಬಂತು. ಒಳಗೆ ನೋಡಿದರೆ ಹೊಗೆ ಹಿಡಿದ ಸೌಟಿನಂತಿತ್ತು. ಅಷ್ಟರಲ್ಲಿ ಅವ್ವ ಕೋಲೂರಿಕೊಂಡು ಬಂದು ನಿಂತಳು.

"ಕೈಯಾಗೇನೋ ಅದು ಶಿವಣ್ಣ? ಬೆಳ್ಳಿ ಇದ್ದಂಗೈತೆ."

"ಬೆಳ್ಳಿ ನೀರು ಕುಡಿಸಿರ್ತಾರಂತವ್ವ."

ಅಷ್ಟು ಸಾಕಾಯಿತು. ನಮ್ಮ ಮನೆಯಲ್ಲಿ ಬೆಳ್ಳಿಯೆಂದರೆ ಅವ್ವನ ಇಲಾಖೆ. ಅಪ್ಪನ ಕೊರಳಲ್ಲಿದ್ದ, ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನೂ ಅವರ ನಂತರ ನನ್ನದನ್ನೂ ಪ್ರತಿ ಸೋಮವಾರ ವಿಭೂತಿಯಿಂದ ಬೆಳಗುತ್ತ ಬಂದವಳು ಅವಳು. ವಿಭೂತಿ ಬಿಟ್ಟು ಬೇರೆ ಯಾವುದನ್ನೂ ಬೆಳ್ಳಿಗೆ ಸೋಕಿಸಬಾರದು. "ಮೊದ್ಲು ಹೋಗಿ ಸ್ನಾನ ಮಾಡ್ಕಂಡು ಬಾ," ಎಂದಳು. ನಾನು, ಇದು ಕಾರಿನ ದೀಪ, ದೇವರ ದೀಪ ಅಲ್ಲ ಎಂದೆ. "ಕಾರಿಗಲ್ಲಲೇ, ವಿಭೂತಿಗೆ! ಗ್ರೀಸು ಕೈಯಾಗೆ ವಿಭೂತಿ ಮುಟ್ತಿಯಾ?" ಹೋಗಿ ಸ್ನಾನ ಮಾಡಿ ಮಡಿಪಂಚೆ ಉಟ್ಟು ಬಂದೆ. ಬರುವಷ್ಟರಲ್ಲಿ ಚಾಪೆ ಹೋಗಿ ಮಣೆ ಬಂದಿತ್ತು. ಬೋಗುಣಿ ಮಣೆಯ ಮೇಲೆ ಕೂತಿತ್ತು. ನಾನು ನೆಲದ ಮೇಲೆ ಕೂರಬೇಕಾಯಿತು.

ಆಗ ಗಿರಿಜೆ ಬಂದಳು. ಸಂಜೆಯ ಆತುರ ಅವಳದು. ಇನ್ನೊಂದು ಬೋಗುಣಿಯನ್ನು ಕೈಗೆತ್ತಿಕೊಂಡು ಬೆನ್ನು ತಿರುಗಿಸಿ ನೋಡಿ, "ಅತ್ತೀ, ಬೆಳ್ಳಿ ಅಲ್ಲ ಇದು, ಹಿತ್ತಾಳೆ. ಇಲ್ನೋಡ್ರಿ ಹಿಂದೆ," ಎಂದಳು. ಹಿತ್ತಾಳೆಯೆಂದರೆ ಅವಳ ಇಲಾಖೆ. ಹಬ್ಬದ ಹಿಂದಿನ ದಿನ ಹುಣಸೆಹುಳಿ, ಒಲೆಬೂದಿ, ತೆಂಗಿನ ನಾರು ಹಿಡಿದು ಅವಳು ಬಚ್ಚಲಿಗೆ ಕೂತರೆ ನಮ್ಮ ಕೊಡಪಾನಗಳು ಮದುವೆಗೆ ಹೊರಟಂತೆ ಎದ್ದು ಬರುತ್ತವೆ.

"ಬೆಳ್ಳಿಗೆ ಹುಳಿ ಹಚ್ತೀಯೇನೇ ತಾಯಿ?" ಎಂದಳು ಅವ್ವ.

"ಹಿತ್ತಾಳಿಗೆ ವಿಭೂತಿ ಬಳಿದ್ರೆ ಯಾವಾಗ ಬೆಳಗಾದು ಅತ್ತೀ? ಕೂಸಿಗೆ ಮದುವಿ ವಯಸ್ಸಾದಾಗ ನ್ಯಾಮತಿಗೆ ಹೋಗಾನೇನು?"

ಇಬ್ಬರೂ ನನ್ನ ಕಡೆ ನೋಡಿದರು. ಮುಂದೆ ನೋಡಿದರೆ ಬೆಳ್ಳಿ, ಹಿಂದೆ ನೋಡಿದರೆ ಹಿತ್ತಾಳೆ. ಇಬ್ಬರ ಕಡೆಯೂ ಸಾಕ್ಷಿಯಿತ್ತು. ತೀರ್ಪು ಕೊಡುವ ಧೈರ್ಯವಿದ್ದಿದ್ದರೆ ನಾನು ಜಡ್ಜೇ ಆಗಿರುತ್ತಿದ್ದೆ. ವಕೀಲರು ಮಾಡುವುದನ್ನೇ ಮಾಡಿದೆ, ರಾಜಿ ಮಾಡಿಸಿದೆ. ಬಲಗಡೆಯ ದೀಪ ಅವ್ವನ ವಿಭೂತಿಗೆ, ಎಡಗಡೆಯದು ಗಿರಿಜೆಯ ಹುಣಸೆಹುಳಿಗೆ. ಆಸ್ತಿ ಪಾಲಾದ ಹಾಗೆ ಮನೆ ಎರಡಾಯಿತು. ಒಂದು ಕಡೆ ಅವ್ವ ಹಳೆಯ ಮಲ್ ಪಂಚೆಯ ಚೂರಿನಲ್ಲಿ ಮಗುವಿನ ಕೆನ್ನೆ ಒರೆಸುವಂತೆ ಮೆಲ್ಲಗೆ ಒರೆಸುತ್ತಿದ್ದಳು. ಇನ್ನೊಂದು ಕಡೆ ಬಚ್ಚಲಿನಿಂದ ಗಸಗಸ ಸದ್ದು, ಜೊತೆಗೆ ಜೋಗುಳದ ಒಂದೊಂದು ಸಾಲು. ಉಜ್ಜುತ್ತ ಉಜ್ಜುತ್ತ ಅವಳು ಸಂಜೆಯ ಹಾಡನ್ನು ಮನನ ಮಾಡಿಕೊಳ್ಳುತ್ತಿದ್ದಳು.

ನಡುಹಗಲಿನ ಊಟಕ್ಕೆ ಮೊದಲು ಎರಡೂ ಹೊರಬಂದವು. ಅವ್ವನದು ಬೆಳ್ಳಗೆ, ಕನ್ನಡಿಯ ಹಾಗೆ. ನನ್ನ ಮುಖ ಅದರಲ್ಲಿ ತಲೆಕೆಳಗಾಗಿ, ನನ್ನ ಸದ್ಯದ ಪರಿಸ್ಥಿತಿಗೆ ತಕ್ಕಂತೆ ಕಂಡಿತು. ಗಿರಿಜೆಯದೂ ಫಳಫಳ ಹೊಳೆಯುತ್ತಿತ್ತು, ಆದರೆ ಹಳದಿಯಾಗಿ. ಹುಳಿಗೂ ನಾರಿಗೂ ಬೆಳ್ಳಿಯೆಲ್ಲ ಬಚ್ಚಲ ಮೋರಿ ಸೇರಿ ಅಪ್ಪಟ ಹಿತ್ತಾಳೆ ಎದ್ದು ಕೂತಿತ್ತು. "ನಾನು ಹೇಳ್ಲಿಲ್ವಾ ಬೆಳ್ಳಿ ಅಂತ, ಹೋಗೇಬಿಡ್ತು ನೋಡು," ಎಂದು ಅವ್ವ. "ನಾನು ಹೇಳ್ಲಿಲ್ವಾ ಹಿತ್ತಾಳಿ ಅಂತ, ಬಂದೇಬಿಡ್ತು ನೋಡ್ರಿ," ಎಂದು ಇವಳು. ನನ್ನ ಸಿಟ್ಟು ಎಲ್ಲಿಗೆ ಹೋಗಬೇಕು? ಸ್ಕ್ರೂ ಡ್ರೈವರನ್ನು ಬೈದುಕೊಂಡು ಎರಡನ್ನೂ ಜೋಡಿಸಿದೆ. ಕೊಟ್ಟಿಗೆಯ ಕತ್ತಲಿಗೆ ಕಾರಿನ ಮುಖ ತಿರುಗಿಸಿ ದೀಪ ಹಾಕಿದೆ. ಗೋಡೆಯ ಮೇಲೆ ಒಂದು ಕಡೆ ಹಗಲು, ಒಂದು ಕಡೆ ಇಳಿಹೊತ್ತು. ಆದರೆ ಬೆಳಕು ಬೆಳಕೇ. ಗೋಡೆಯ ಮೂಲೆಯ ಜೇಡನ ಕಾಲು ಕೂಡ ಕಾಣುತ್ತಿತ್ತು. ಗಿರಿಜೆ ಒಳಗೆ ಹೋಗಿ ರೇಷ್ಮೆ ಸೀರೆಯ ಟ್ರಂಕು ತೆಗೆದ ಸದ್ದು ಕೇಳಿಸಿತು.

ಬೆಳಕಿರುವಾಗಲೇ ಹೊರಟು ಹೊನ್ನಾಳಿಯ ಸೇತುವೆ ದಾಟಿ ನ್ಯಾಮತಿ ಸೇರಿದೆವು. ಅಲ್ಲಿ ನನಗೆ ಮತ್ತೊಂದು ಸಿಟ್ಟು ಕಾದಿತ್ತು. ನೆಂಟರಿಗೆಲ್ಲ ನನ್ನ ಹೆಸರಿಗಿಂತ ನನ್ನ ದೀಪದ ಸುದ್ದಿ ಚೆನ್ನಾಗಿ ಗೊತ್ತಿತ್ತು. "ಭಾವಾ, ದೀಪ ಸರಿ ಆದ್ವಂತೆ!" ಎಂದು ಶೈಲಜೆ ಬಾಣಂತಿ ಕೋಣೆಯಿಂದಲೇ ಕೂಗಿದಳು. ಮುಸ್ಸಂಜೆಗೆ ಗಂಡಸರೆಲ್ಲ ಬೀದಿಗೆ ಬಂದು ದೀಪ ಹಾಕಿಸಿ ನೋಡಿದರು. ಶೈಲಜೆಯ ಮಾವ ಎಲೆಯಡಿಕೆ ಉಗಿದು ಬಂದು ಗಂಭೀರವಾಗಿ, "ವಕೀಲ್ರೇ, ಒಂದ್ ಕಣ್ಣಿಗೆ ಕಾಮಾಲೆ ಆಗೈತೆ, ಔಷಧಿ ಕೊಡಿಸ್ರಿ," ಎಂದರು. ಬೀಗರಲ್ಲವೇ, ನಗಬೇಕಾಯಿತು. ಒಳಗೆ ಗಿರಿಜೆ ಮಗುವನ್ನು ಎತ್ತಿಕೊಂಡು ತೊಟ್ಟಿಲ ಮುಂದೆ ನಿಂತಿದ್ದಳು. ಹಾಡಿದಳು. ನಮ್ಮ ಮದುವೆಯಾದ ಹೊಸತರಲ್ಲಿ ಕೇಳಿದ ದನಿ. ಇಷ್ಟು ವರ್ಷ ಅದು ಎಲ್ಲಿತ್ತೋ, ಯಾರಿಗೂ ಕೇಳಿಸದೆ. ಮಗುವನ್ನು ತೊಟ್ಟಿಲಿಗೆ ಇಳಿಸುವಾಗ ಅಕ್ಕತಂಗಿಯರಿಬ್ಬರೂ ಅತ್ತರು. ನನಗೆ ಯಾವ ವಸ್ತುವಿನ ಮೇಲೂ ಸಿಟ್ಟು ಬರದ ಒಂದು ಗಳಿಗೆ ಅದು.

ಊಟ ಮುಗಿಸಿ ಹೊರಟೆವು. ಹೊನ್ನಾಳಿ ದಾಟಿದ ಮೇಲೆ ನನಗೆ ಒಂದು ವಿಷಯ ಅರ್ಥವಾಯಿತು, ಅರ್ಥವಾಗಿ ಬೆವರು ಬಂತು. ದೀಪ ಮಂಕಾಗಿದ್ದಾಗ ರಸ್ತೆಯಲ್ಲಿ ಏನಿದೆಯೋ ಎಂಬ ಒಂದೇ ಭಯ. ಈಗ ಏನೇನಿದೆ ಎಂದು ಕಾಣುತ್ತಿತ್ತು. ಹೊಂಡ ಕಂಡಿತು, ಹೊಂಡದ ಪಕ್ಕದ ಕಲ್ಲು ಕಂಡಿತು, ಕಲ್ಲಿನ ಆಚೆಯ ಕಂದಕ ಕಂಡಿತು, ಹುಣಸೆಮರದ ಕಾಂಡ ರಸ್ತೆಗೆ ಎಷ್ಟು ಹತ್ತಿರವಿದೆ ಎಂಬುದೂ ಕಂಡಿತು. ಮರೆಯಾಗಿದ್ದ ಎಲ್ಲ ಅಪಾಯಗಳೂ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದವು. ಅಷ್ಟರಲ್ಲಿ ಮುಂದೆ ಒಂದು ಎತ್ತಿನ ಗಾಡಿ. ಕಂದೀಲಿಲ್ಲ, ಏನಿಲ್ಲ, ರಸ್ತೆಯ ನಡುವೆ ತೂಗಾಡಿಕೊಂಡು ಹೋಗುತ್ತಿತ್ತು. ನಾನು ಕಾರನ್ನು ಅದರ ಹಿಂದಕ್ಕೆ ತಂದು ಮೊದಲನೆಯ ಗೇರಿಗೆ ಹಾಕಿದೆ.

"ದಾಟಿ ಹೋಗ್ರಿ," ಎಂದಳು ಗಿರಿಜೆ.

"ಎದುರಿಗೆ ಲಾರಿ ಬಂದ್ರೆ?"

"ಯಾವ್ ಲಾರಿ? ಊರಿನ ತನಕ ಕಾಣಸ್ತೈತಲ್ಲ."

"ಎತ್ತು ಬೆದರಿದ್ರೆ?"

"ಅವು ಮಲಗ್ಕಂಡೇ ನಡೀತಾ ಅದಾವೆ. ಹಾರ್ನಾದ್ರೂ ಹೊಡೀರಿ."

"ಗಾಡಿಯವನು ಬೆಚ್ಚಿ ಕೆಳಗೆ ಬಿದ್ದರೆ?"

ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ, ಇಷ್ಟು ವರ್ಷ ಮಂಕಾಗಿದ್ದದ್ದು ಯಾವುದು ಎಂದು ಅವಳಿಗೆ ಪೂರ್ತಿ ತಿಳಿದುಹೋಯಿತು ಎಂಬುದು ನನಗೂ ತಿಳಿಯಿತು. ಸಿಟ್ಟು ಬಂತು. ಎತ್ತಿನ ಮೇಲೆ, ಗಾಡಿಯ ಮೇಲೆ, ರಸ್ತೆ ಮಾಡಿದವನ ಮೇಲೆ. ಹಾಗೇ ಎತ್ತಿನ ನಡಿಗೆಯಲ್ಲಿ ಹಿಂಬಾಲಿಸಿದೆ. ಇಂಜಿನ್ ಕಾದು ಕೆಂಡವಾಯಿತು. ಹಿಂದಿನ ಸೀಟಿನಲ್ಲಿ ಅವ್ವ ಮಲಗಿ ಎದ್ದಳು, ಮತ್ತೆ ಮಲಗಿ ಮತ್ತೆ ಎದ್ದಳು. ಕೊನೆಗೆ ಕೆರೆಬಿಳಚಿ ಕಡೆಗೆ ಹೊರಳುವಲ್ಲಿ ಗಾಡಿ ನಿಂತಿತು. ಗಾಡಿಯವನು ಇಳಿದು ನೇರ ನನ್ನ ಕಡೆಗೇ ಬಂದ. ಇಷ್ಟು ಹೊತ್ತು ಬೆನ್ನಿಗೆ ಬೆಳಕು ಹೊಡೆದದ್ದಕ್ಕೆ ಜಗಳಕ್ಕೇ ಬಂದ ಎಂದು ಗಾಜು ಏರಿಸತೊಡಗಿದೆ. ಅವನು ತಲೆಯ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದ.

"ಕಂದೀಲಿನಾಗೆ ಎಣ್ಣಿ ತೀರಿತ್ತು ಬುದ್ಧೀ. ಹೊಂಡಕ್ಕೆ ಗಾಲಿ ಇಳಿದ್ರೆ ಏನ್ ಗತಿ ಅಂತ ಜೀವ ಕೈಯಾಗೆ ಹಿಡ್ಕಂಡಿದ್ದೆ. ನೀವು ದೊಡ್ಡಾರು, ಭರ್ ಅಂತ ದಾಟಿ ಹೋಗಬೋದಿತ್ತು. ಒಬ್ಬ ಬಡವನಿಗೆ ದಾರಿಗುಂಟ ದೀಪ ಹಿಡ್ಕಂಡು ಬಂದ್ರಲ್ಲ! ಇಂಥಾ ಮನುಷ್ಯರು ಇನ್ನೂ ಅದಾರೆ. ಯಾವೂರು ಬುದ್ಧೀ?"

ಗಾಜು ಇಳಿಸಿ, ಚನ್ನಗಿರಿ, ಶಿವಣ್ಣ ವಕೀಲರು ಎಂದೆ. "ವಕೀಲರು" ಎಂದು ನನಗೆ ನಾನೇ ಸೇರಿಸಿಕೊಂಡೆ. ಪಕ್ಕದಲ್ಲಿ ಗಿರಿಜೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಹಿಂದಿನಿಂದ ಅವ್ವ ಮುಂದಕ್ಕೆ ಬಾಗಿದಳು.

"ನಿಜ ಹೇಳಪ್ಪ, ಯಾವ ಕಡಿ ದೀಪ ಚೆನ್ನಾಗಿ ಕಾಣಸ್ತಿತ್ತು? ಬಲಗಡಿದೋ, ಎಡಗಡಿದೋ?"

"ನಂಗೆ ಎತ್ತಿನ ಬಾಲ ಕಂಡ್ರೆ ಸಾಕಿತ್ತವ್ವ," ಎಂದ ಅವನು, ಮಡಿಲು ತುಂಬ ಮೆಕ್ಕೆಜೋಳದ ತೆನೆ ತಂದು ಸೀಟಿನ ಮೇಲೆ ಸುರಿದ.

ಆ ಪುಣ್ಯಾತ್ಮ ಸಂತೇಬೆನ್ನೂರಿನ ಸಂತೆಯಲ್ಲೆಲ್ಲ ಈ ಕಥೆ ಹೇಳಿದ. ಕಥೆ ಬೆಳೆಯಿತು. ಈಗ ಅದರಲ್ಲಿ ನಾನು ಕಾರು ನಿಲ್ಲಿಸಿ ಇಳಿದು, ಗಾಡಿಯವನಿಗೆ ಧೈರ್ಯ ಹೇಳಿ, ಅವನ ಮನೆ ಬಾಗಿಲ ತನಕ ಬೆಳಕು ಬಿಟ್ಟು ಬಂದಿದ್ದೇನೆ. ಕೋರ್ಟಿನ ಆವರಣದಲ್ಲಿ ಪರಿಚಯವಿಲ್ಲದ ರೈತರು ಎದ್ದು ನಿಂತು ಕೈ ಮುಗಿಯುತ್ತಾರೆ. ಇಂಥ ದೊಡ್ಡ ಮನುಷ್ಯನಾದ ಮೇಲೆ ಒಂದು ತೊಂದರೆ. ನಿಜ ಗೊತ್ತಿರುವ ಸಾಕ್ಷಿ ನಮ್ಮ ಮನೆಯಲ್ಲೇ ಇದ್ದಾಳೆ. ನ್ಯಾಮತಿಯಲ್ಲಿ ಸೋದರಮಾವನ ಮಗಳ ಆರತಿ ಎಂದೋ ಹೊನ್ನಾಳಿಯಲ್ಲಿ ಸೀಮಂತ ಎಂದೋ ಕರೆ ಬರುತ್ತದೆ, ಎಲ್ಲವೂ ಸಂಜೆಯ ಮೇಲೆಯೇ. ನಾನು, "ಈ ಹಾರ್ನು ಯಾಕೋ ಸರಿಯಾಗಿ..." ಎಂದು ಶುರು ಮಾಡುತ್ತೇನೆ. ಗಿರಿಜೆ ಬತ್ತಿ ಹೊಸೆಯುತ್ತ, ತಲೆ ಎತ್ತದೆ ಹೇಳುತ್ತಾಳೆ:

"ಸಂತ್ಯಾಗೆ ಆ ಗಾಡಿಯಪ್ಪ ಸಿಕ್ಕಿದ್ದ. ನಿಮ್ಮನ್ನ ಭಾಳ ಹೊಗಳಿದ. ಇದ್ದದ್ದು ಇದ್ದಂಗೆ ಹೇಳಿಬಿಡಾನ ಅಂತ ನಾಲಿಗಿ ತುದೀಗೆ ಬಂದಿತ್ತು ನೋಡ್ರಿ."

ನನಗೆ ಸಿಟ್ಟು ನೆತ್ತಿಗೇರುತ್ತದೆ. ಪುಣ್ಯಕ್ಕೆ ಅಂಗಳದಲ್ಲಿ ಕಾರು ನಿಂತಿರುತ್ತದೆ. ಅದರ ಬಾಗಿಲನ್ನು ದಢಾರನೆ ಬಡಿದು ಒಳಗೆ ಕೂತು, ಅವಳು ಬೇಗ ಸೀರೆ ಉಟ್ಟು ಬರಲಿ ಎಂದು ಹಾರ್ನು ಹೊಡೆಯುತ್ತೇನೆ. ಅದಕ್ಕೇನು, ಓಣಿಗೆಲ್ಲ ಕೇಳಿಸುವಂತೆ ಹೊಡೆದುಕೊಳ್ಳುತ್ತದೆ.